ಕೆರೆ ತುಂಬಿತು ಸರಿ, ಎತ್ತುವ ನೀರಿಗೆ ಲೆಕ್ಕ ಇಡೋರು ಯಾರು?

ಏರಿಮೇಲಿನವನು:

ಹವಾಮಾನ ಬದಲಾಗುತ್ತಿದೆ, ಹಳ್ಳಿಗಳು ತಯಾರಾಗಬೇಕು ಅಂತ ಎಲ್ಲರೂ ಹೇಳುತ್ತಾರೆ. ತಯಾರಿ ಅಂದ ಕೂಡಲೇ ಬರುವ ಪಟ್ಟಿ ನಮಗೆಲ್ಲ ಬಾಯಿಪಾಠ. ಚೆಕ್ ಡ್ಯಾಂ, ಕೃಷಿ ಹೊಂಡ, ಹೂಳೆತ್ತುವುದು, ಗಿಡ ನೆಡುವುದು. ಇದರಲ್ಲೆಲ್ಲ ಜೆಸಿಬಿ ಇದೆ, ಬಿಲ್ಲು ಇದೆ, ಫೋಟೋ ಇದೆ. ಬಂದ ನೀರನ್ನು ಯಾರು ಎಷ್ಟು ಎತ್ತಬಹುದು ಅನ್ನೋ ಮಾತು ಮಾತ್ರ ಎಲ್ಲೂ ಇಲ್ಲ. ಅದನ್ನು ಎತ್ತಿದರೆ ಸಭೆ ಮುಗಿಯೋ ಮೊದಲೇ ಜನ ಎದ್ದು ಹೋಗುತ್ತಾರೆ.

ನಾನು ಕೋಲಾರ ಜಿಲ್ಲೆಯವನು. ವರ್ಷವಿಡೀ ಹರಿಯುವ ಹೊಳೆ ನಮಗೆ ಒಂದೂ ಇಲ್ಲ. ಸರಾಸರಿ ಮಳೆ 700 ಮಿಲಿಮೀಟರ್ ಆಸುಪಾಸು. ಅದಕ್ಕೇ ಹಿಂದಿನವರು ಒಂದರ ಕೆಳಗೊಂದು ಕೆರೆ ಕಟ್ಟಿಕೊಂಡು ಹೋದರು, ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಈಗ ವರ್ಷದ ಒಟ್ಟು ಮಳೆಗಿಂತ ಅದು ಬೀಳುವ ರೀತಿಯೇ ದೊಡ್ಡ ತಲೆನೋವು. 2021ರ ನವೆಂಬರ್‌ನಲ್ಲಿ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮಲಗಿ ತೆನೆಯಲ್ಲೇ ಮೊಳಕೆ ಬಂತು. ಒಣಗಿ ಬಿದ್ದಿದ್ದ ಕೆರೆಗಳು ಕೋಡಿ ಹೋದವು. 2023ಕ್ಕೆ ನೋಡಿದರೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ.

ಮಧ್ಯೆ ಆ ನೀರು ಎಲ್ಲಿ ಹೋಯಿತು? ನಮ್ಮೂರ ಕೆರೆ ತುಂಬಿದಾಗ ಗಂಗಮ್ಮನ ಪೂಜೆ ಆಯಿತು, ಕುರಿ ಕಡಿದು ಊಟ ಹಾಕಿದರು. ಪೂಜೆ ಮುಗಿದ ಸ್ವಲ್ಪ ದಿನಕ್ಕೇ ಏರಿ ಕೆಳಗೆ ಬೋರ್ ಲಾರಿ ಬಂದು ನಿಂತಿತು. ಅಂತರ್ಜಲ ಮೇಲೆ ಬಂದಿದೆ, ಇದೇ ಟೈಮು ಅಂತ ಟೊಮೆಟೊ ಇಟ್ಟರು, ಕೆಲವರು ಬೇಸಿಗೆಯಲ್ಲಿ ಭತ್ತವನ್ನೂ ನಾಟಿ ಮಾಡಿದರು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಇಲ್ಲ. ರಾತ್ರಿ ಯಾವಾಗಲೋ ತ್ರೀ ಫೇಸ್ ಬಂದರೆ ಮೋಟರು ತಾನಾಗಿ ಓಡಲಿ ಅಂತ ಆಟೋ ಸ್ಟಾರ್ಟರ್ ಹಾಕಿ ಮಲಗೋದು ನಮ್ಮಲ್ಲಿ ರೂಢಿ. ಬೆಳಗ್ಗೆ ಹೋಗಿ ನೋಡಿದರೆ ಮಡಿ ತುಂಬಿ, ಬದು ಒಡೆದು, ನೀರು ಗಾಡಿ ದಾರಿಗೆ ಹರಿದಿರುತ್ತದೆ. ಅದೇ ಊರಲ್ಲಿ ಮಾರ್ಚಿಗೆ ಕುಡಿಯೋ ನೀರಿಗೆ ಟ್ಯಾಂಕರ್.

ಕೆರೆ ನೀರಿನಲ್ಲೇ ಬೇಸಾಯ ನಡೆಯುತ್ತಿದ್ದ ಕಾಲದಲ್ಲಿ ಇದಕ್ಕೊಂದು ಕಟ್ಟುಪಾಡು ಇತ್ತು. ಕೆರೆ ಅರ್ಧ ತುಂಬಿದ ವರ್ಷ ಊರವರು ಏರಿ ಮೇಲೆ ಕೂತು ಈ ಸಲ ಎಷ್ಟು ಅಚ್ಚುಕಟ್ಟಿಗೆ (ಕೆರೆ ನೀರು ಹರಿಯುವ ಗದ್ದೆ ಬಯಲಿಗೆ) ನೀರು ಸಾಲುತ್ತೆ ಅಂತ ಅಂದಾಜು ಹಾಕುತ್ತಿದ್ದರು. ತೂಬಿನ ಹತ್ತಿರದ ಗದ್ದೆಗಳನ್ನಷ್ಟೇ ಬೆಳೆಗೆ ಇಟ್ಟುಕೊಂಡು, ದೂರದ ಗದ್ದೆಯವನಿಗೂ ಅದರಲ್ಲಿ ಅವನವನ ಹಿಡುವಳಿಗೆ ತಕ್ಕ ಪಾಲು. ದಾಮಾಷಾ ಅನ್ನೋರು. ತೂಬು ಎತ್ತೋದು, ಇಳಿಸೋದು, ಸರದಿ ಮೇಲೆ ನೀರು ತಿರುಗಿಸೋದು ನೀರುಗಂಟಿ ಕೆಲಸ. ಗದ್ದೆಯವನು ತಾನೇ ಮಡವೆ (ಗದ್ದೆಗೆ ನೀರು ಬಿಡುವ ಬಾಯಿ) ಕಡಿದುಕೊಂಡರೆ ದಂಡ.

ಬೋರ್ ಬಂತು, ಪ್ರತಿಯೊಬ್ಬನಿಗೂ ಸ್ವಂತ ತೂಬು ಆಯಿತು. ಅಲ್ಲಿಗೆ ಕಟ್ಟುಪಾಡೂ ಹೋಯಿತು.

ನನ್ನ ಪ್ರಶ್ನೆ ಇಷ್ಟೇ. ಬೋರ್ ನೀರಿಗೆ ಊರೇ ಒಂದು ಕಟ್ಟುಪಾಡು ಮಾಡಿಕೊಳ್ಳೋಕೆ ಆಗುತ್ತಾ? ಮಹಾರಾಷ್ಟ್ರದ ಹಿವರೆ ಬಜಾರ್ ಮಾಡಿ ತೋರಿಸಿದೆ. ಅಹಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಊರು, ನಮಗಿಂತ ಕಡಿಮೆ ಮಳೆ. ಪೋಪಟರಾವ್ ಪವಾರ್ ಸರಪಂಚ ಆದ ಮೇಲೆ ಅಲ್ಲಿ ಬದು, ಕಾಲುವೆ, ಕಾಡು ಎಲ್ಲ ಆಯಿತು, ಅವರಿಗೆ 2020ರಲ್ಲಿ ಪದ್ಮಶ್ರೀಯೂ ಬಂತು. ನಮ್ಮವರು ಟೂರ್ ಹೋಗಿ ಬಂದು ಬದುಗಳ ಫೋಟೋ ತೋರಿಸುತ್ತಾರೆ. ಬೇಸಾಯಕ್ಕೆ ಬೋರ್ ಕೊರೆಸುವ ಹಾಗಿಲ್ಲ, ಕಬ್ಬು ಬಾಳೆ ಬೆಳೆಯುವ ಹಾಗಿಲ್ಲ, ಪ್ರತಿ ವರ್ಷ ಮಳೆ ಅಳೆದು ಗ್ರಾಮಸಭೆಯಲ್ಲಿ ಬೆಳೆ ತೀರ್ಮಾನ ಮಾಡಬೇಕು, ಈ ನಿಯಮಗಳ ಬಗ್ಗೆ ಮಾತ್ರ ಯಾರೂ ಬಾಯಿ ಬಿಡೋಲ್ಲ.

ಬಯಲಸೀಮೆ ಭೂಪ:

ಅಣ್ಣಾ, ಬರೆದಿದ್ದು ಚೆನ್ನಾಗಿದೆ, ಆದರೆ ಆ ನೀರುಗಂಟಿ ಕಥೆಯನ್ನು ಸ್ವಲ್ಪ ಕೆಳಗಿನಿಂದಲೂ ನೋಡಿ. ನಮ್ಮ ತಾತ ನೀರುಗಂಟಿ. ನಮ್ಮ ಕಡೆ ಈ ಕೆಲಸ ಹೆಚ್ಚಾಗಿ ದಲಿತರದ್ದೇ. ಅಚ್ಚುಕಟ್ಟಿನಲ್ಲಿ ಅವರಿಗೆ ಗೇಣು ಗದ್ದೆ ಇಲ್ಲ, ಅದಕ್ಕೇ ಪಕ್ಷಪಾತ ಮಾಡಲ್ಲ ಅಂತ ಊರಿಗೆ ನಂಬಿಕೆ. ಎಂಥಾ ನಂಬಿಕೆ ನೋಡಿ! ಗೌಡರ ಗದ್ದೆಗೆ ನೀರು ಸಾಕು ಅಂತ ಮಡವೆ ಮುಚ್ಚೋ ಅಧಿಕಾರ ಇತ್ತು, ಸುಗ್ಗಿ ಬಂದಾಗ ಅದೇ ಗೌಡರ ಕಣದಲ್ಲಿ ದೂರ ನಿಂತು ಸೆರಗೊಡ್ಡಿ ಆಯ (ಕೆಲಸಕ್ಕೆ ಕೊಡೋ ಧಾನ್ಯ) ಈಸಿಕೊಳ್ಳಬೇಕಿತ್ತು.

ಕಟ್ಟುಪಾಡು ಬೇಡ ಅಂತಿಲ್ಲ. ಹಳೇದನ್ನು ಹಾಗೇ ತರ್ತೀವಿ ಅಂದರೆ ನಮ್ಮ ಕೇರಿಯಿಂದ ಯಾರೂ ಬರಲ್ಲ ಅಂತ ಹೇಳ್ತಿದ್ದೀನಿ. ನೀರುಗಂಟಿಗೆ ಪಂಚಾಯ್ತಿಯಿಂದ ತಿಂಗಳ ಸಂಬಳ ಇರಲಿ. ಕೆರೆಯಲ್ಲಿ ಮೀನು ಹರಾಜು ಆಗುತ್ತಲ್ಲ, ಆ ದುಡ್ಡಲ್ಲಿ ಭೂಮಿ ಇಲ್ಲದವರಿಗೂ ಪಾಲಿರಲಿ. ನೀರಿಲ್ಲದ ವರ್ಷ ಮೊದಲು ಕೂಲಿ ತಪ್ಪೋದು ನಮಗೆ, ಕಮಿಟಿಯಲ್ಲಿ ಹೆಸರು ಮಾತ್ರ ಪಂಪ್‌ಸೆಟ್ ಇದ್ದವರದ್ದೇ.

2002ರಿಂದ ವಿಶ್ವಬ್ಯಾಂಕ್ ಸಾಲದಲ್ಲಿ ಜಲ ಸಂವರ್ಧನೆ ಯೋಜನೆ ಬಂತಲ್ಲ, ಊರೂರಿಗೆ ಕೆರೆ ಬಳಕೆದಾರರ ಸಂಘ ಆಯಿತು. ಕಾಗದದಲ್ಲಿ ಎಲ್ಲರೂ ಸದಸ್ಯರು. ನಮ್ಮೂರಲ್ಲಿ ಏರಿ ರಿಪೇರಿ ಮುಗಿದು ಬಿಲ್ ಪಾಸಾದ ಮೇಲೆ ಸಂಘದ ಬೀಗ ಯಾರ ಹತ್ತಿರ ಇದೆ ಅಂತಲೇ ಗೊತ್ತಿಲ್ಲ.

ಸರ್ಜಾಪುರ ರೋಡು:

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಡೀ ಪ್ರಪಂಚ ಕಲ್ಲಿದ್ದಲು ಸುಡ್ತಾ ಇರುವಾಗ ಒಂದು ಹಳ್ಳಿ ಬೋರ್ ನಿಲ್ಲಿಸಿದರೆ ಹವಾಮಾನ ಸರಿ ಹೋಗುತ್ತಾ? ಇದು ಸರ್ಕಾರಗಳ ಕೆಲಸ ಅಲ್ವಾ? ಜನರ ತಲೆಗೆ ಕಟ್ಟೋದು ಎಷ್ಟು ಸರಿ?

ಎರಡನೇದು, ಕೋಲಾರಕ್ಕೆ ಈಗ ನಮ್ಮ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರೇ ಬರ್ತಿದೆಯಲ್ಲ. ದಿನಕ್ಕೆ 44 ಕೋಟಿ ಲೀಟರ್ ಲೆಕ್ಕದ ಕೋರಮಂಗಲ-ಚಲ್ಲಘಟ್ಟ (ಕೆ.ಸಿ.) ವ್ಯಾಲಿ ಯೋಜನೆ. ಇನ್ನೂ ಯಾಕೆ ಗೋಳು?

ಏರಿಮೇಲಿನವನು:

ಸರ್, ಬೋರ್ ನಿಲ್ಲಿಸಿದರೆ ಭೂಮಿ ತಣ್ಣಗಾಗುತ್ತೆ ಅಂತ ನಾನೆಲ್ಲೂ ಹೇಳಿಲ್ಲ. ಹೊಗೆ ಬಿಡೋರು ನಿಲ್ಲಿಸಬೇಕು, ಅದು ಬೇರೆ ಜಗಳ, ಅದನ್ನೂ ಮಾಡೋಣ. ಆ ಜಗಳ ಮುಗಿಯೋವರೆಗೆ ಮಳೆ ಹೀಗೇ ಅಡ್ಡಾದಿಡ್ಡಿ ಬರುತ್ತೆ. ಅಷ್ಟರಲ್ಲಿ ಊರು ಖಾಲಿ ಆಗಬಾರದು.

ಕೆ.ಸಿ. ವ್ಯಾಲಿ ನೀರು 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ನೊರೆ ಕಾಣಿಸಿ ಹೈಕೋರ್ಟ್ ತಾತ್ಕಾಲಿಕ ತಡೆ ಕೊಟ್ಟಿತ್ತು, ನೆನಪಿರಬಹುದು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಅನ್ನೋ ಕೂಗು ಆವತ್ತಿನಿಂದ ಇದೆ. ಆ ನೀರು ಬಂದ ಕಡೆ ಬಾವಿ, ಬೋರ್ ಮಟ್ಟ ಏರಿದೆ, ಅದನ್ನು ಇಲ್ಲ ಅನ್ನಲ್ಲ. ಆದರೆ ಏರಿದ ಕೂಡಲೇ ಪಂಪು ಜಾಸ್ತಿ ಆದವು. ನೀರು ಮೋಡದಿಂದ ಬರಲಿ, ಬೆಂಗಳೂರಿನ ಬಚ್ಚಲಿನಿಂದ ಬರಲಿ, ಎತ್ತೋದಕ್ಕೆ ಮಿತಿ ಇಲ್ಲದಿದ್ದರೆ ಕಥೆ ಒಂದೇ.

ಇನ್ನೊಂದು, 2024ರ ಮಾರ್ಚಿನಲ್ಲಿ ನಿಮ್ಮ ಕಡೆ ಅಪಾರ್ಟ್‌ಮೆಂಟುಗಳಲ್ಲಿ ಏನಾಯ್ತು ಅಂತ ನಾನು ಹೇಳಬೇಕಾ? ಒಂದೇ ಕಾಂಪೌಂಡ್ ಒಳಗೆ ಬೋರ್ ಮೇಲೆ ಬೋರ್. ಅದೂ ಒಂದು ಊರೇ ಸರ್. ನಿಮ್ಮ ಮೀಟಿಂಗಲ್ಲೂ ಈ ಮಾತು ಎತ್ತಿ ನೋಡಿ, ಎಷ್ಟು ಜನ ಎದ್ದು ಹೋಗ್ತಾರೆ ಅಂತ.

ಸರ್ಜಾಪುರ ರೋಡು:

ಹೌದು, ಒಪ್ಪಿದೆ. ನಮ್ಮಲ್ಲಿ ಫ್ಲ್ಯಾಟಿಗೊಂದು ಮೀಟರ್ ಹಾಕೋಣ ಅಂದಿದ್ದಕ್ಕೇ ದೊಡ್ಡ ರಾದ್ಧಾಂತ ಆಯ್ತು. ಮೂರು ಕಾರು ತೊಳೆಯೋರೇ ಜೋರು ಮಾತಾಡಿದ್ದು.

ಡೈರಿ ಅಕ್ಕ:

ನಾನು ಹಾಲಿನ ಸೊಸೈಟಿಯಲ್ಲಿ ಕೆಲಸ ಮಾಡೋಳು. ಗಂಡಸರೆಲ್ಲ ಟೊಮೆಟೊ, ಭತ್ತ ಅಂತಿದ್ದೀರಿ, ಮೇವಿನ ಮಾತು ಒಬ್ಬರೂ ಆಡಿಲ್ಲ. ನಮ್ಮ ಕಡೆ ಮನೆ ನಡೆಯೋದು ಹಾಲಿನ ಬಟವಾಡೆಯಲ್ಲಿ. ಸೀಮೆಹಸುಗೆ ಹಸಿ ಮೇವು ಬೇಕು, ಬೋರ್ ನೀರಲ್ಲಿ ನೇಪಿಯರ್ ಹುಲ್ಲು, ಮುಸುಕಿನ ಜೋಳ ಬೆಳೀತೀವಿ. ಬೋರ್ ಬಂದ್ ಅಂದರೆ ಮೊದಲು ಕೈ ಹಾಕೋದು ಹೆಂಗಸರ ಕಾಸಿಗೆ. ಟೊಮೆಟೊ ದುಡ್ಡು ಯಾವತ್ತು ನಮ್ಮ ಕೈಗೆ ಬಂದಿದೆ ಹೇಳಿ?

ಆದ್ದರಿಂದ ನಿಯಮ ಮಾಡುವಾಗ ಯಾವ ಬೆಳೆ ಅಂತ ಬಿಡಿಸಿ ಹೇಳಬೇಕು. ಬೇಸಿಗೆ ಭತ್ತ ನಿಲ್ಲಿಸಿ ಅಂದರೆ ನಾನೇ ಮೊದಲು ಕೈ ಎತ್ತುತ್ತೀನಿ. ಮೇವಿಗೆ ಒಂದು ಪಾಲು ಇಟ್ಟೇ ಮಿಕ್ಕಿದ್ದು ಹಂಚಬೇಕು.

ಹಾಗೇ ಅಕ್ಕಡಿ ಸಾಲು ಯಾಕೆ ಬಿಟ್ವಿ ಅಂತ ಯಾರಾದರೂ ಕೇಳಿದ್ದೀರಾ? ನಮ್ಮತ್ತೆ ಕಾಲದಲ್ಲಿ ರಾಗಿ ಹೊಲ ಅಂದರೆ ಬರೀ ರಾಗಿ ಅಲ್ಲ. ರಾಗಿ ನಡುವೆ ಸಾಲು ಬಿಟ್ಟು ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಬದುವಿನಂಚಿಗೆ ಹರಳು. ಮಳೆ ಬೇಗ ನಿಂತರೆ ರಾಗಿ ಸೊರಗಬಹುದು, ತೊಗರಿ ಬೇರು ಆಳಕ್ಕೆ ಹೋಗಿರುತ್ತೆ, ಅದು ತಡೆಯುತ್ತೆ. ಮಳೆ ತಡವಾಗಿ ಬಂದರೆ ಅವರೆಗೆ ಹಬ್ಬ. ಜೋಳದ ಕಡ್ಡಿ ದನಕ್ಕೆ, ರಾಗಿ ಹುಲ್ಲು ಬೇಸಿಗೆಗೆ ಬಣವೆ. ಹುಚ್ಚೆಳ್ಳು ಹಳದಿ ಹೂ ಬಿಟ್ಟರೆ ಜೇನು ಬರುತ್ತೆ. ಸಾರಿಗೆ ಕಾಳು, ದೀಪಕ್ಕೆ ಹರಳೆಣ್ಣೆ, ಎಲ್ಲ ಒಂದೇ ಹೊಲದಲ್ಲಿ. ಈಗ ಮೆಷಿನ್ನಲ್ಲಿ ಕೊಯ್ಯೋಕೆ ಅಡ್ಡ ಆಗುತ್ತೆ ಅಂತ ಅಕ್ಕಡಿ ಹೋಯ್ತು. ಮೆಷಿನ್ ಬಂದ ಮೇಲೆ ಹುಲ್ಲೂ ಪುಡಿ ಪುಡಿ, ದನ ಮೂಸಿ ನೋಡಿ ಬಿಡುತ್ತೆ.

ತಿಪ್ಪೆಗೊಬ್ಬರ:

ಅಕ್ಕನ ಮಾತಿಗೆ ನನ್ನದೂ ಒಂದು ಸೇರಿಸ್ತೀನಿ. ರಾಗಿಗೆ 2024-25ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ. ಮೊದಲಿಗಿಂತ ವಾಸಿ. ಮಳೆಯಾಶ್ರಯದಲ್ಲಿ ಜಿಪಿಯು-28 ತಳಿಯ ರಾಗಿ ಹಾಕಿ, ಕೆರೆ ಗೋಡು (ಹೂಳು ಮಣ್ಣು) ಒಂದು ಪದರ ಹೊಡೆಸಿದರೆ ಬೆಳೆ ತಡೆಯುತ್ತೆ. ಗೋಡು ಹಾಕಿದ ಹೊಲದಲ್ಲಿ ಮಳೆ ಕೈಕೊಟ್ಟರೂ ತೇವ ಇನ್ನೂ ಕೆಲವು ದಿನ ನಿಲ್ಲುತ್ತೆ, ಕಣ್ಣಾರೆ ಕಂಡಿದ್ದೀನಿ. ಆದರೆ ಖರೀದಿ ಕೇಂದ್ರದಲ್ಲಿ ತೊಗರಿ, ಅವರೆಯ ಎರಡು ಮೂಟೆ ಹಿಡಿದುಕೊಂಡು ಹೋದರೆ ಯಾರೂ ಮೂಸಿ ನೋಡಲ್ಲ. ಅಕ್ಕಡಿ ಬೆಳೆಯೋನಿಗೆ ಅದೇ ತೊಂದರೆ, ಎಲ್ಲ ಚೂರು ಚೂರು ಬರುತ್ತೆ.

ಇನ್ನು ಗಿಡ ನೆಡೋದರ ಬಗ್ಗೆ. ಸಾಮಾಜಿಕ ಅರಣ್ಯ ಅಂತ ಎಂಬತ್ತರ ದಶಕದಲ್ಲಿ ನಮ್ಮ ಜಿಲ್ಲೆ ತುಂಬ ನೀಲಗಿರಿ ಬಂತು. ಅಂತರ್ಜಲ ಹೀರುತ್ತೆ ಅಂತ 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡೋದನ್ನು ನಿಷೇಧಿಸಿತು. ಅವತ್ತು ನೆಡಿ ಅಂದವರೂ ಅವರೇ. ಆದ್ದರಿಂದ ಹಸಿರು ಅಂತ ಬೋರ್ಡ್ ಹಾಕಿದ್ದೆಲ್ಲ ಊರಿಗೆ ಒಳ್ಳೇದು ಅಂತ ನಂಬೋಕೆ ನನಗೆ ಕಷ್ಟ.

ಪಾವಗಡದ ಬಿಸಿಲು:

ನೀಲಗಿರಿ ಮಾತು ಬಂದಿದ್ದಕ್ಕೆ ನಮ್ಮ ಕಡೆಯದೂ ಕೇಳಿ. ತಿರುಮಣಿ ಸುತ್ತ 13,000 ಎಕರೆ ಸೋಲಾರ್ ಪಾರ್ಕು, 2,050 ಮೆಗಾವ್ಯಾಟ್. ಹವಾಮಾನದ ಲೆಕ್ಕದಲ್ಲಿ ದೊಡ್ಡ ಕೆಲಸವೇ, ನನಗೆ ವಿರೋಧ ಇಲ್ಲ. ಜಮೀನು ಕಿತ್ತುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡರು, ಶುರುವಲ್ಲಿ ಎಕರೆಗೆ ವರ್ಷಕ್ಕೆ 21,000. ಬರಗಾಲದಲ್ಲಿ ಬೆಂದ ರೈತನಿಗೆ ಅದು ಸುಮ್ನೆ ದುಡ್ಡಲ್ಲ, ಉಸಿರು.

ಆದರೆ ಗುತ್ತಿಗೆ ದುಡ್ಡು ಪಹಣಿಯಲ್ಲಿ ಹೆಸರಿದ್ದವನಿಗೆ. ಅದೇ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದವಳಿಗೆ ಏನೂ ಇಲ್ಲ. ಕುರಿ ಮೇಯಿಸುತ್ತಿದ್ದವನಿಗೆ ಬೇಲಿ. ಊರಿನ ಜನ ಕೂತು ಇಂತಿಷ್ಟು ಪಾಲು ಊರಿನ ನಿಧಿಗೆ, ಇಂತಿಷ್ಟು ಕೂಲಿಯವರಿಗೆ ಅಂತ ಮೊದಲೇ ಮಾತಾಡಿಕೊಂಡಿದ್ದರೆ? ಭೂಪ ಹೇಳಿದ್ದು ಸರಿ. ನೀರಿರಲಿ ಬಿಸಿಲಿರಲಿ, ಪಹಣಿ ಇಲ್ಲದವನು ಲೆಕ್ಕದಲ್ಲೇ ಬರಲ್ಲ.

ಗುಂಡ್ಲುಪೇಟೆ ಗಡಿ:

ನಮಗೆ ಹತ್ತಿರದ ವಯನಾಡಿನಲ್ಲಿ ಮೀನಂಗಾಡಿ ಅಂತ ಒಂದು ಪಂಚಾಯ್ತಿ ಇದೆ. 2016ರಲ್ಲಿ ಊರು ಬಿಡೋ ಇಂಗಾಲದಷ್ಟನ್ನೇ ಹೀರಿಸಿ ಲೆಕ್ಕ ಸರಿದೂಗಿಸ್ತೀವಿ ಅಂತ ಹೊರಟರು. ಅಲ್ಲಿ ಮರದ ಬ್ಯಾಂಕ್ ಅಂತ ಮಾಡಿದ್ದಾರೆ. ಜಮೀನಲ್ಲಿ ಗಿಡ ನೆಟ್ಟರೆ ಸಹಕಾರಿ ಬ್ಯಾಂಕು ಮರಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಹತ್ತು ವರ್ಷ ಸಾಲ ಕೊಡುತ್ತೆ, ಮರ ಕಡಿಯದಿದ್ದರೆ ಸಾಲ ತೀರಿಸಬೇಕಾಗಿಲ್ಲ. ಮೊತ್ತ ಚಿಕ್ಕದು ಅನ್ನಿಸಬಹುದು. ನನಗೆ ಹಿಡಿಸಿದ್ದು ಅವರು ನಿಯಮವನ್ನು ಬರೀ ಬೇಡ, ಕೂಡದು ಅಂತ ಮಾಡದೆ ಉಳಿಸಿದವನ ಕೈಗೂ ಏನೋ ಸಿಗುವ ಹಾಗೆ ಮಾಡಿದ್ದು. ಬೋರ್ ಕೊರೆಸದೆ ಉಳಿದವನಿಗೆ ನಿಮ್ಮೂರಲ್ಲಿ ಏನು ಕೊಡ್ತೀರಿ? ಅವನು ಸುಮ್ನಿದ್ದಾನೆ ಅಂತಲೇ ಪಕ್ಕದವನ ಬೋರಲ್ಲಿ ನೀರು ಬರ್ತಿರೋದು.

ಏರಿಮೇಲಿನವನು:

ಗಡಿಯವರ ಕೊನೇ ಸಾಲು ಮನಸ್ಸಲ್ಲೇ ನಿಂತಿದೆ. ಅದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಇರೋದು ಎಷ್ಟು ಅಂತ ಗೊತ್ತಾಗಬೇಕು. ನಾನೊಂದು ಅಂದಾಜು ಹಾಕಿದೆ, ಊರಿನ ಹೆಸರು ಬೇಡ, ನಮ್ಮ ಕಡೆಯ ಯಾವ ಊರಿಗಾದರೂ ಹೆಚ್ಚುಕಮ್ಮಿ ಹೊಂದುತ್ತೆ.

ಊರಿನ ಒಟ್ಟು ನೆಲ 500 ಹೆಕ್ಟೇರ್ ಇಟ್ಟುಕೊಳ್ಳಿ. ಒಂದು ಹೆಕ್ಟೇರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. 700 ಮಿಲಿಮೀಟರ್ ಬಿದ್ದರೆ ಊರ ಮೇಲೆ ಸುರಿಯೋದು 350 ಕೋಟಿ ಲೀಟರ್. ಕೇಳೋಕೆ ಸಮುದ್ರ. ಆದರೆ ಹೆಚ್ಚಿನದು ಆವಿಯಾಗಿ, ಬೆಳೆ ಕುಡಿದು, ಹರಿದು ಹೋಗುತ್ತೆ. ನಮ್ಮದು ಗಟ್ಟಿ ಬಂಡೆ ನೆಲ, ನೂರಕ್ಕೆ ಎಂಟು ಪಾಲು ಇಂಗಿತು ಅಂದುಕೊಳ್ಳಿ. 28 ಕೋಟಿ ಲೀಟರ್ ಆಯಿತು.

1,500 ಜನಕ್ಕೆ, ಜಲಜೀವನ ಮಿಷನ್ ಹೇಳೋ ಹಾಗೆ ತಲೆಗೆ ದಿನಕ್ಕೆ 55 ಲೀಟರಿನಂತೆ, ವರ್ಷಕ್ಕೆ ಸುಮಾರು 3 ಕೋಟಿ. 400 ದನಕ್ಕೆ ತಲಾ 70 ಲೀಟರ್ ಅಂದರೆ ಇನ್ನೊಂದು ಕೋಟಿ. ಉಳಿದಿದ್ದು 24 ಕೋಟಿ. ಒಂದು ಎಕರೆ ಟೊಮೆಟೊ ಡ್ರಿಪ್ಪಲ್ಲೇ ಬೆಳೆದರೂ 20 ಲಕ್ಷ ಲೀಟರ್ ಹಿಡಿಯಿರಿ. ಅಂದರೆ ಇಡೀ ಊರಿಗೆ ವರ್ಷದಲ್ಲಿ 120 ಎಕರೆ, ಅದೂ ಒಂದೇ ಬೆಳೆ. ಭತ್ತ ಆದರೆ ಎಕರೆಗೆ 50 ಲಕ್ಷ ಬೇಕು, 48 ಎಕರೆಗೆ ಖಜಾನೆ ಖಾಲಿ. ಮಳೆ 500ಕ್ಕೆ ಇಳಿದ ವರ್ಷ ಟೊಮೆಟೊ 80 ಎಕರೆಗೆ ನಿಲ್ಲಬೇಕು. ಊರಲ್ಲಿರೋದು 1,200 ಎಕರೆಗೂ ಜಾಸ್ತಿ ನೆಲ. ಇದಕ್ಕಿಂತ ಹೆಚ್ಚು ಬೆಳೆದರೆ ಅದು ಹಳೇ ನೀರು, ನಮ್ಮ ಮಕ್ಕಳದ್ದು. 1,200 ಅಡಿ, 1,500 ಅಡಿ ಹೋಗೋದು ಅದಕ್ಕೇ, ಅಲ್ಲಿಂದ ಬರೋ ನೀರಲ್ಲಿ ಫ್ಲೋರೈಡು ಬೇರೆ.

ಕುಡಿಯೋ ನೀರು ಲೆಕ್ಕದಲ್ಲಿ ಎಷ್ಟು ಸಣ್ಣದು ನೋಡಿ. ಆದರೂ ಮೊದಲು ಕೊರತೆ ಆಗೋದು ಅದಕ್ಕೇ. ಅಕ್ಕ ಕೇಳಿದ ಮೇವಿನ ಪಾಲನ್ನೂ ಈ 24 ಕೋಟಿಯಲ್ಲೇ ತೆಗೆಯಬೇಕು. ಅಕ್ಕಡಿ ಸಾಲಿನ ರಾಗಿಗೆ ಈ ಖಜಾನೆಯಿಂದ ಒಂದು ಲೋಟವೂ ಬೇಡ.

ತಿಪ್ಪೆಗೊಬ್ಬರ:

ಲೆಕ್ಕ ಸರಿ ಗುರುವೇ. 120 ಎಕರೆ ಯಾರ ಎಕರೆ? ಅಲ್ಲೇ ದೊಣ್ಣೆ ಏಳೋದು. ನಿಯಮ ಮಾಡಿದರೂ ಮುರಿದವನಿಗೆ ಏನು ಮಾಡ್ತೀರಿ? ಕಾಯ್ದೆ ಏನೋ ಇದೆಯಂತೆ.

ಬಯಲಸೀಮೆ ಭೂಪ:

ಕಾಯ್ದೆ ಎರಡಿವೆ. 1999ರದ್ದರ ಪ್ರಕಾರ ಕುಡಿಯುವ ನೀರಿನ ಸರ್ಕಾರಿ ಬೋರಿನಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಹೊಸದು ಕೊರೆಸೋ ಹಾಗಿಲ್ಲ. 2011ರದ್ದರ ಪ್ರಕಾರ ಅಧಿಸೂಚಿತ ತಾಲ್ಲೂಕುಗಳಲ್ಲಿ ಯಾವ ಬೋರಿಗೂ ಅನುಮತಿ ಬೇಕು. ಬೋರ್ ಲಾರಿ ರಾತ್ರಿ ಹನ್ನೊಂದಕ್ಕೆ ಬಂದು ಬೆಳಗ್ಗೆ ಹೊತ್ತಿಗೆ ಹೋಗಿರುತ್ತೆ, ಇಡೀ ಊರಿಗೆ ಸದ್ದು ಕೇಳಿರುತ್ತೆ, ಯಾರೂ ಎದ್ದು ಬರಲ್ಲ. ನಾಳೆ ನಮ್ಮ ಹೊಲಕ್ಕೂ ಅದೇ ಲಾರಿ ಬರಬೇಕಲ್ಲ.

ದಂಡದಿಂದ ಶುರು ಮಾಡಿದರೆ ಕೆಲಸ ಕೆಡುತ್ತೆ ಅನ್ನೋದು ನನ್ನ ಅನಿಸಿಕೆ. ಚಿಕ್ಕದೊಂದು ಒಪ್ಪಂದ ಮೊದಲು. ಬೇಸಿಗೆ ಭತ್ತ ಬೇಡ. ಅದರಲ್ಲಿ ಲಾಭ ಇರೋರೂ ಕಡಿಮೆ, ನೀರು ತಿನ್ನೋದೂ ಜಾಸ್ತಿ. ಅದು ಒಂದು ವರ್ಷ ನಿಂತರೆ ಆಮೇಲೆ ಬೋರ್ ಹಂಚಿಕೊಳ್ಳೋದು, ಇಬ್ಬರು ಮೂವರು ಅಕ್ಕಪಕ್ಕದವರಿಗೆ ಒಂದೇ ಬೋರ್, ಸರದಿ ಮೇಲೆ ನೀರು. ಗಡಿಯವರು ಕೇಳಿದ್ದಕ್ಕೂ ಅದೇ ಉತ್ತರ ಆಗಬಹುದು. ಕೊರೆಸದೆ ಉಳಿದವನಿಗೆ ಪಕ್ಕದ ಬೋರಲ್ಲಿ ಹಕ್ಕಿನ ಸರದಿ, ಭಿಕ್ಷೆ ಅಲ್ಲ. ಸರದಿ ನೋಡಿಕೊಳ್ಳೋಕೆ ಒಬ್ಬ ಬೇಕೇ ಬೇಕು. ಸಂಬಳದ ಮಾತು ಆಗಲೇ ಹೇಳಿದ್ದೀನಿ.

ಏರಿಮೇಲಿನವನು:

ಒಪ್ಪಿದೆ. ಮಳೆ ಅಳೆಯೋ ಮಾಪಕ ಸ್ಕೂಲಿನಲ್ಲಿ ಇಡೋಣ, ಮಕ್ಕಳು ದಿನಾ ಬರೆದಿಡ್ತಾರೆ. ಅಕ್ಟೋಬರ್ ಕೊನೆಗೆ ಗ್ರಾಮಸಭೆ ಕರೆದು ಈ ಲೆಕ್ಕ ಓದಿ ಹೇಳೋಣ. ಹಿಂಗಾರಿನ ಬೆಳೆ ಇಡೋಕೆ ಮುಂಚೆ.

ಡೈರಿ ಅಕ್ಕ:

ಗ್ರಾಮಸಭೆಗೆ ಯಾರು ಬರ್ತಾರೆ ಅಣ್ಣಾ? ಮನೆ ಮಂಜೂರಾತಿ ಪಟ್ಟಿ ಇದ್ದರೆ ಬರ್ತಾರೆ, ಹೆಸರು ಓದಿದ ಮೇಲೆ ಕುರ್ಚಿ ಖಾಲಿ. ನಾವು ಹೆಂಗಸರು ಹೋದರೆ ಹಿಂದೆ ನಿಂತು ಬರಬೇಕು.

ಡೈರಿ ಮುಂದೆ ಬೋರ್ಡ್ ಹಾಕಿ. ದಿನಕ್ಕೆ ಎರಡು ಹೊತ್ತು ಊರಲ್ಲಿ ಹಸು ಇರೋ ಮನೆಯವರೆಲ್ಲ ಕ್ಯಾನ್ ಹಿಡ್ಕೊಂಡು ಸಾಲಲ್ಲಿ ನಿಂತಿರ್ತಾರೆ, ಜಾತಿ ಯಾವುದೇ ಇರಲಿ, ಹೆಂಗಸರೇ ಜಾಸ್ತಿ. ಹಾಲಿನ ಫ್ಯಾಟ್ ಎಷ್ಟು ಬಂತು ಅಂತ ದಶಮಾಂಶದವರೆಗೆ ಜಗಳ ಆಡೋ ಜನ ನಾವು, ನೀರಿನ ಲೆಕ್ಕ ನಮಗೆ ಕಷ್ಟ ಆಗಲ್ಲ. ಇವತ್ತಿನ ಮಳೆ, ಈ ವರ್ಷದ ಒಟ್ಟು, ಟೊಮೆಟೊಗೆ ಎಷ್ಟು ಎಕರೆ, ಮೇವಿಗೆ ಎಷ್ಟು. ನಾಲ್ಕೇ ಸಾಲು. ಉಳಿದ ಮಾತು ಸಾಲಲ್ಲಿ ನಿಂತವರೇ ಆಡ್ತಾರೆ, ಮನೆಗೆ ಹೋಗಿ ಗಂಡಂದಿರಿಗೂ ಹೇಳ್ತಾರೆ.

ಆ ಲೆಕ್ಕ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕಳಿಸಿ. ಸೊಸೈಟಿ ಕಾರ್ಯದರ್ಶಿ ಹತ್ತಿರ ನಾನು ಮಾತಾಡ್ತೀನಿ. ಪೇಂಟ್ ಡಬ್ಬ ಹೋದ ವರ್ಷದ್ದು ಅರ್ಧ ಮಿಕ್ಕಿದೆ.